ಅಂಗದ ಅಳತೆ

ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣವೆಂಬುದು ಹಿರಿಯರ ನಿರ್ಣಯ. ವೀರಶೈವರಿಗೆ ಈ ಮಾತು ಇನ್ನೂ ಹತ್ತಿರವಾದುದು. ಅವರ ದೇವನು ಅಂಗದ ಮೇಲೆಯೇ ನೆಲೆಸಿರುವನಷ್ಟೆ. ಹೀಗಿರಲು, ಲಿಂಗವನ್ನು ಧರಿಸಿದ ಅಂಗವನ್ನು ಅದರ ಆಕಾರಕ್ಕಾಗಿ ಹಳಿಯುವುದು ಯುಕ್ತವೇ? ಮನೆಯಲ್ಲಿ ಬೆಳೆಯುವ ಮಕ್ಕಳಿರುವ ಸದ್ಭಕ್ತರೆಲ್ಲರೂ ವಿಚಾರಿಸಬೇಕಾದ ಪ್ರಶ್ನೆಯಿದು.

ಕಪಿಲೆಯ ತೀರದ ಸುತ್ತೂರಿನಲ್ಲಿ ಜಾತ್ರೆಯ ದಿನಗಳಂದು ಮಹಾದಾಸೋಹ ನಡೆಯುತ್ತದೆ. ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಗಳಿಂದ ಬಂದವರು ಮನೆಮಂದಿಯೊಡನೆ ಕುಳಿತು ಪ್ರಸಾದವನ್ನು ಸ್ವೀಕರಿಸುತ್ತಾರೆ. ಇಂತಹ ಪಂಕ್ತಿಯಲ್ಲಿಯೂ ಹದಿನೈದರ ಬಾಲೆಯೊಬ್ಬಳು ದಪ್ಪವಾದೇನೆಂಬ ಭಯದಿಂದ ಎಲೆಯಲ್ಲಿ ಕೈಯಾಡಿಸಿ ಎದ್ದುಬಿಡುವುದುಂಟು. ಪಕ್ಕದಲ್ಲಿ ಕುಳಿತ ಬಂಧುವು ನಗೆಯಾಡಿದ ಒಂದು ಮಾತೇ ಆ ಭಯಕ್ಕೆ ಬೀಜವಾಗಿರುವುದೂ ಉಂಟು. ಗಂಡುಹುಡುಗರಲ್ಲಿ ಇದೇ ಭಯವು ತೋಳು ಎದೆಗಳನ್ನು ಬೇಗ ಉಬ್ಬಿಸುವ ಪುಡಿಗಳ ಬೆನ್ನು ಹತ್ತಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಶರಣರೂ ದೇಹದ ಮೋಹವನ್ನು ತೊರೆಯಬೇಕೆಂದು ಹೇಳಲಿಲ್ಲವೇ? ಅಕ್ಕಮಹಾದೇವಿಯು ಅರಮನೆಯ ಭೋಗವನ್ನೂ ಉಡುಗೆ ತೊಡುಗೆಗಳನ್ನೂ ಬಿಟ್ಟು ಹೊರಟಳಲ್ಲವೇ? ಹಾಗಾದರೆ ಊಟವನ್ನು ಬಿಡುವ ಬಾಲೆಯದೂ ಒಂದು ಬಗೆಯ ವೈರಾಗ್ಯವೇಕಾಗದು?

ಆಗದು. ಅಕ್ಕನು ತೊರೆದದ್ದು ಪರರ ಕಣ್ಣಿನ ಹಂಗನ್ನು. ಲೋಕವು ತನ್ನನ್ನು ಹೇಗೆ ಕಂಡೀತೆಂಬ ಚಿಂತೆಯೇ ಆಕೆಗೆ ಉಳಿಯಲಿಲ್ಲ. ಕನ್ನಡಿಯ ಮುಂದೆ ನಿಂತು ಅಳುವ ಬಾಲೆಯಾದರೋ ಆ ಕಣ್ಣಿಗೇ ದಾಸಿಯಾಗಿದ್ದಾಳೆ. ಹೊರಗೆ ನೋಡಲು ಎರಡೂ ತ್ಯಾಗವೇ. ಒಳಗೆ ಒಂದು ಬಿಡುಗಡೆ, ಇನ್ನೊಂದು ಬಂಧನ. ಹಸಿವನ್ನು ಗೆದ್ದವರನ್ನು ಹೊಗಳಬಹುದು. ನಾಚಿಕೆಗೆ ಸೋತು ಹಸಿದವರನ್ನು ಸಂತೈಸಬೇಕು.

ಬಸವಣ್ಣನವರು ತಮ್ಮ ಶರೀರವನ್ನೇ ಶಿವಾಲಯವಾಗಿ ಕಂಡರು. ಆ ದರ್ಶನದಲ್ಲಿ ಕಾಲುಗಳಿಗೆ ಕಂಬದ ಸ್ಥಾನವುಂಟು; ಕಂಬವು ತೆಳುವೋ ದಪ್ಪವೋ ಎಂಬ ವಿಚಾರವಿಲ್ಲ. ಕಂಬಕ್ಕೆ ಬೇಕಾದುದು ಭಾರವನ್ನು ಹೊರುವ ಗಟ್ಟಿತನ. ಹಾಗೆಯೇ ಶರೀರಕ್ಕೆ ಬೇಕಾದುದು ಕಾಯಕವನ್ನು ನಡೆಸುವ ಆರೋಗ್ಯ. ಇದೇ ಅಂಗದ ನಿಜವಾದ ಅಳತೆ.

ಈ ಅಳತೆಯು ಮಿತಿಮೀರಿದ ತಿನಿಸಿಗೂ ಅನುಮತಿ ಕೊಡುವುದಿಲ್ಲ. ಮಾರಯ್ಯನು ಒಂದು ದಿನ ಅವಶ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ತಿಳಿದುದೇ. ಬೇಕಾದಷ್ಟನ್ನು ಬಿಡದೆ, ಬೇಡವಾದುದನ್ನು ಕೊಳ್ಳದೆ ಇರುವುದೇ ಪ್ರಸಾದದ ಮರ್ಮ. ಎಳೆಯ ವಯಸ್ಸಿನಲ್ಲಿ ಅತಿಯಾಗಿ ಏರಿದ ತೂಕವು ಮುಂದೆ ಮಧುಮೇಹಕ್ಕೂ ರಕ್ತದೊತ್ತಡಕ್ಕೂ ದಾರಿಯಾಗಬಲ್ಲುದು. ಅದಕ್ಕೆ ಪರಿಹಾರ ಉಪವಾಸವಲ್ಲ. ರಾಗಿಮುದ್ದೆ, ಸೊಪ್ಪು, ಕಾಳು, ಹಣ್ಣು, ಮಜ್ಜಿಗೆಗಳ ಮನೆಯೂಟ, ಸಿಹಿ ಪಾನೀಯ ಮತ್ತು ಕರಿದ ತಿಂಡಿಗಳಲ್ಲಿ ಹಿಡಿತ, ಸಾಕಷ್ಟು ನಿದ್ರೆ, ಮೈಮುರಿಯುವ ಆಟ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಶರೀರಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಾರಿದೆ. ಮಕ್ಕಳ ಸಂಜೆಯನ್ನೆಲ್ಲ ಪಾಠಕ್ಕೇ ಕಟ್ಟಿಹಾಕಿ, ಬಳಿಕ ಅವರ ಮೈಯನ್ನು ಹಳಿಯುವ ಪೋಷಕರು ಇದನ್ನು ಗಮನಿಸಬೇಕು.

ಬೆಳವಣಿಗೆಯ ಕ್ರಮವನ್ನೂ ಅರಿಯುವುದು ಅಗತ್ಯ. ಸಾಮಾನ್ಯವಾಗಿ ಹೆಣ್ಣುಮಕ್ಕಳ ಶರೀರವು 10ರಿಂದ 14, ಗಂಡುಮಕ್ಕಳದು 12ರಿಂದ 16 ವರ್ಷಗಳ ನಡುವೆ ವೇಗವಾಗಿ ಬೆಳೆಯುತ್ತದೆ. ಆಗ ತೂಕ ಏರುವುದು, ಹೆಣ್ಣುಮಕ್ಕಳ ಮೈ ತುಂಬಿಕೊಳ್ಳುವುದು ಪ್ರಕೃತಿಧರ್ಮ. ಆ ಕಾಲದಲ್ಲಿ ಊಟವನ್ನು ಬಿಟ್ಟರೆ ಎತ್ತರ ಕುಂಠಿತವಾಗಬಹುದು, ಋತುಕ್ರಮ ತಪ್ಪಬಹುದು, ಮೂಳೆಗಳು ದುರ್ಬಲವಾಗಬಹುದು. ಭಾರತದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿತ್ತೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತಿಳಿಸಿತು. ಹೀಗೆ ಮೊದಲೇ ಬಡವಾದ ರಕ್ತಕ್ಕೆ ಬರಿಯ ಎಲೆಯ ಮುಂದಿನ ಹಟವು ಎಂತಹ ಅಪಾಯವನ್ನು ತಂದೀತು! ತೂಕವು ಹೆಚ್ಚೋ ಕಡಮೆಯೋ ಎಂಬುದನ್ನು ವಯಸ್ಸು, ಎತ್ತರಗಳೊಡನೆ ತೂಗಿ ನೋಡಿ ವೈದ್ಯರು ಹೇಳಬೇಕೇ ಹೊರತು ನೆರೆಮನೆಯವರಲ್ಲ. ಮಗುವು ಗುಟ್ಟಾಗಿ ಊಟ ಬಿಡುತ್ತಿದ್ದರೆ, ಉಂಡುದನ್ನು ವಾಂತಿ ಮಾಡುತ್ತಿದ್ದರೆ ಅದು ಹಟವಲ್ಲ, ವ್ಯಾಧಿಯಿರಬಹುದು. ಗದರದೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಗೃಹಸ್ಥರ ಮೊದಲ ಕರ್ತವ್ಯವೆಂದರೆ ನಾಲಿಗೆಯ ಸಂಯಮ. ನಾಲಿಗೆಯ ಸಂಯಮವೆಂದರೆ ರುಚಿಯದು ಮಾತ್ರವಲ್ಲ, ಮಾತಿನದೂ ಹೌದು. "ಡ್ರಮ್ಮು", "ಕಡ್ಡಿ" ಎಂದು ಮಗುವನ್ನು ಕರೆದವರು ಮರುಕ್ಷಣವೇ ಮರೆಯುತ್ತಾರೆ; ಕರೆಯಿಸಿಕೊಂಡ ಮಗು ಮರೆಯುವುದಿಲ್ಲ. ಕಲ್ಲಿನ ಗುಡಿಯ ಗೋಡೆಗೆ ಮಸಿ ಬಳಿಯಲು ಅಂಜುವವರು ಉಸಿರಾಡುವ ಗುಡಿಗೆ ಮಸಿ ಬಳಿಯಲು ಅಂಜಬೇಡವೇ?

ಇಂದಿನ ಮಕ್ಕಳ ಅಂಗೈಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮೊಬೈಲು ಇದೆ. ಅದರಲ್ಲಿ ಕಾಣುವ ಚೆಲುವು ಅನೇಕ ವೇಳೆ ಯಂತ್ರವು ತಿದ್ದಿದ ಚೆಲುವು. ಅದರೊಡನೆ ಹೋಲಿಸಿಕೊಂಡಷ್ಟೂ ತನ್ನ ಮೈ ತನಗೇ ಕೊರತೆಯಾಗಿ ತೋರುತ್ತದೆ. ಅದೇ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸುವವನಿಗೆ ಹೋಲಿಕೆಯೆಂಬುದಿಲ್ಲ. ಹಿಡಿದ ಕೈ ಸಣ್ಣದೋ ದೊಡ್ಡದೋ ಎಂದು ಲಿಂಗವು ಕೇಳುವುದಿಲ್ಲ. ತಂದೆತಾಯಿಗಳು ದಿನಕ್ಕೆ ಕೆಲವು ನಿಮಿಷವಾದರೂ ಮಕ್ಕಳೊಡನೆ ಕುಳಿತು ಈ ನೋಟವನ್ನು ಅಭ್ಯಾಸ ಮಾಡಿಸಲಿ. ಬಳಿಕ ಅವರೊಡನೆಯೇ ಕುಳಿತು ಉಣ್ಣಲಿ.