ಹಾಳೂರಿಗೆ ಉಳಿದವನು

‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ನಮ್ಮ ಜನ ಹಂಗಿಸುವುದಕ್ಕೆ ಬಳಸುವುದೇ ಹೆಚ್ಚು. ಯೋಗ್ಯರೆಲ್ಲ ತೆರಳಿದ ಮೇಲೆ ಅಯೋಗ್ಯನಿಗೆ ಒದಗಿದ ಹಿರಿತನವೆಂಬುದು ಅದರ ರೂಢಾರ್ಥ. ಆದರೆ ಕಡ್ಡಿರಾಂಪುರದ ಹಳೆಯ ಮುಸಲ್ಮಾನ ಗೋರಿಗಳನ್ನು ಹಾದು ಹಂಪೆಯ ಕಡೆಗೆ ನಡೆವಾಗಲೆಲ್ಲ ಈ ಮಾತಿನೊಳಗೆ ಇನ್ನೊಂದು ಗಂಭೀರಾರ್ಥ ಹುದುಗಿದೆಯೆಂದೇ ನನಗೆ ತೋರಿದೆ. ಗೌಡನು ಕಂದಾಯ ಎತ್ತುವವನು ಮಾತ್ರವಲ್ಲ; ಯಾರ ಹೊಲದ ಬಾಂದು ಎಲ್ಲಿ, ಯಾವ ಮನೆಯಲ್ಲಿ ಯಾರು ಬಾಳಿದ್ದರು ಎಂಬುದನ್ನು ನಾಲ್ವರ ಮುಂದೆ ನಿಂತು ನುಡಿಯಬೇಕಾದವನು. ಊರಿಗೆ ಊರೇ ಅಳಿದಾಗ ಆ ಗೌಡಿಕೆ, ಬೇಡಿದರೂ ಬೇಡದಿದ್ದರೂ, ಉಳಿದವನ ಹೆಗಲಿಗೆ ಬಂದು ಕೂಡುತ್ತದೆ.

1565ರ ಯುದ್ಧದಿಂದ ಹಾಳಾದ ಹಂಪೆಗೆ ಅಂಥ ಗೌಡ ದೊರೆಯಲಿಲ್ಲ. 1567ರಲ್ಲಿ ಬಂದು ಏಳು ತಿಂಗಳು ತಂಗಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್, ಮನೆಗಳು ನಿಂತಿವೆ, ಒಳಗೆ ಹುಲಿ ಮೊದಲಾದ ಮೃಗಗಳು ಸೇರಿವೆಯಂತೆ ಎಂದು ಬರೆದಿಟ್ಟ. ಪರದೇಶಿಯ ಆ ಮಾತು ಅಮೂಲ್ಯವೇ ಸರಿ. ಆದರೂ ಆ ಪಡಸಾಲೆಗಳಲ್ಲಿ ಅಂಬೆಗಾಲಿಟ್ಟ ಕೂಸೊಂದು ಬೆಳೆದು ಬಂದು, ಇಲ್ಲಿ ನಮ್ಮವ್ವ ಕೂಡುತ್ತಿದ್ದಳೆಂದು ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಹಾಗೆ ಹೇಳಬಲ್ಲ ಕೂಸೊಂದು ಪೋಲೆಂಡಿನಲ್ಲಿ ಉಳಿಯಿತು. ಲೋಡ್ಜ್ ನಗರದ ಯಹೂದಿ ಬಾಲಕ ಸೈಮನ್ ಸ್ರೆಬ್ನಿಕ್, 1944ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಖೆಲ್ಮ್ನೊ ಎಂಬ ಹಳ್ಳಿಯ ವಧಾಶಿಬಿರವನ್ನು ಸೇರಿದ; ಅಲ್ಲಿ ಅವನ ಕಾಲಿಗೆ ಸಂಕೋಲೆ ಬಿತ್ತು. ಮುಚ್ಚಿದ ಬಂಡಿಗಳೊಳಕ್ಕೆ ಎಂಜಿನ್ನಿನ ಹೊಗೆಯನ್ನೇ ತಿರುಗಿಸಿ ಒಂದೂವರೆ ಲಕ್ಷಕ್ಕೂ ಮಿಕ್ಕ ಜನರನ್ನು ನಾತ್ಸಿಗಳು ಅಲ್ಲಿ ಕೊಂದರು. ಅವನ ತಾಯಿಯೂ ಹಾಗೆ ಸತ್ತವರಲ್ಲೊಬ್ಬಳು. ಇಂಪಾದ ಕಂಠವಿದ್ದುದರಿಂದ, ಹೊಳೆಯಲ್ಲಿ ದೋಣಿ ನಡೆಸುತ್ತ ಸೈನಿಕರಿಗಾಗಿ ಅವನು ಹಾಡಬೇಕಾಗಿತ್ತು. 1945ರ ಜನವರಿಯಲ್ಲಿ, ಓಡಿಹೋಗುವ ಮುನ್ನ, ಅವರು ಅವನ ತಲೆಗೂ ಗುಂಡಿಟ್ಟರು. ಗುಂಡು ಮರ್ಮಸ್ಥಾನವನ್ನು ತಪ್ಪಿತು.

ಅದೇ ವರ್ಷ ಪೋಲೆಂಡಿನ ನ್ಯಾಯಾಧೀಶರೆದುರು, 1961ರಲ್ಲಿ ಜೆರೂಸಲೇಮಿನಲ್ಲಿ ನಡೆದ ನಾತ್ಸಿ ಅಧಿಕಾರಿ ಐಖ್ಮನ್ನನ ವಿಚಾರಣೆಯಲ್ಲಿ, ಬಳಿಕ 1985ರಲ್ಲಿ ತೆರೆಕಂಡ ನಿರ್ದೇಶಕ ಲಾಂಜ್‌ಮನ್ನನ ‘ಶೋವಾ’ ಚಿತ್ರದಲ್ಲಿ ಅವನು ತಾನು ಕಂಡುದನ್ನು ನುಡಿದ. ಗೌಡನ ಮಾತಿಗೆ ಕಿವಿಗೊಡುವ ಒಕ್ಕಲು ಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಆ ಚಿತ್ರ ಹೇಳುತ್ತದೆ. ಅದರಲ್ಲಿ ಅದೇ ಹಳ್ಳಿಯ ಇಗರ್ಜಿಯ ಮುಂದೆ ಜನ ಅವನನ್ನು ಸುತ್ತುಗಟ್ಟಿ, ಹಾಡುತ್ತಿದ್ದ ಹುಡುಗನನ್ನು ಅಕ್ಕರೆಯಿಂದ ನೆನೆಯುತ್ತಾರೆ. ನೆನೆಯುತ್ತಲೇ ಒಬ್ಬಾತ, ಸತ್ತವರದೇ ಪುರಾತನ ಪಾಪವೊಂದಿತ್ತೆಂಬ ಕಥೆಗೆ ತೊಡಗುತ್ತಾನೆ. ಅವರ ನಡುವೆ ಸ್ರೆಬ್ನಿಕ್ ತುಟಿಪಿಟಕ್ಕೆನ್ನದೆ ನಿಂತಿರುತ್ತಾನೆ. ಆ ಮೌನವನ್ನು ನೋಡುತ್ತ ಕೂಡುವುದು ನನ್ನಿಂದಾಗಲಿಲ್ಲ.

ಆದರೆ ಅದೇ ಚಿತ್ರದಲ್ಲಿ, ಕಾಡಿನ ನಡುವಣ ಬಯಲಿನಲ್ಲಿ, ಹೆಣಗಳನ್ನು ಸುಟ್ಟ ತಾಣದಲ್ಲಿ ನಿಂತು ಅವನು, ಗುರುತು ಹತ್ತುವುದು ಕಷ್ಟ, ಆದರೂ ಇದೇ ಎನ್ನುತ್ತಾನೆ. ಎಂದವನೇ, ಹುಲ್ಲಿನಲ್ಲಿ ಹುದುಗಿದ ಅಡಿಪಾಯದ ಗುಂಟ, ಬಾಂದು ತೋರಿಸುವ ಗೌಡನ ಹಾಗೆ ನಿಧಾನವಾಗಿ ಹೆಜ್ಜೆಯಿಡುತ್ತಾನೆ.