ಅದು ನಿನ್ನ ಪುಲ್‌ಅಪ್, ಮಾಮ

ಅಕ್ಕನ ಮಗಳು ಪಿಯುಸಿ ಓದೋಕೆ ಅಂತ ನಮ್ಮನೆಗೆ ಬಂದು ವರ್ಷವಾಯ್ತು. ವಿಜಯನಗರದಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಓಪನ್ ಜಿಮ್ ಇದೆ. ಬೆಳಿಗ್ಗೆ ಅಂಕಲ್‌ಗಳು ಚಕ್ರ ತಿರುಗಿಸ್ತಿರ್ತಾರೆ, ಹುಡುಗರು ಕಂಬಿಗೆ ಜೋತು ಬಿದ್ದಿರ್ತಾರೆ. ಒಂದು ಭಾನುವಾರ ಇವಳು "ಮಾಮ, ನಂಗೂ ಪುಲ್‌ಅಪ್ ಹೇಳ್ಕೊಡು" ಅಂದಳು. ಹಾರಿ ಕಂಬಿ ಹಿಡಿದಳು. ಒಂದಿಂಚೂ ಮೇಲೇಳಲಿಲ್ಲ. ನಾನು ಕಾಲು ಹಿಡಿದು ಎತ್ತಿದೆ, ಗಲ್ಲ ಕಂಬಿ ದಾಟಿತು. ಹೆಂಡತಿ ತೆಗೆದ ವಿಡಿಯೋದಲ್ಲಿ ನನ್ನ ಕೈ ಕಾಣದ ಹಾಗೆ ಕ್ರಾಪ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ: "ನಮ್ಮ ಹುಡುಗಿಯ ಮೊದಲ ಪುಲ್‌ಅಪ್!"

ಮನೆಗೆ ಬಂದವಳು ಮುಖ ಊದಿಸಿಕೊಂಡು ಕೂತಳು. "ಅದು ನಿನ್ನ ಪುಲ್‌ಅಪ್, ಮಾಮ. ಡಿಲೀಟ್ ಮಾಡು."

ನಾನು ಅದನ್ನ ಪ್ರೋತ್ಸಾಹ ಅಂದುಕೊಂಡಿದ್ದೆ. ಆದರೆ ಸಹಾಯ ಎಲ್ಲಿ ಮುಗಿದು ಸುಳ್ಳು ಎಲ್ಲಿ ಶುರುವಾಗುತ್ತೆ?

ಅಮೆರಿಕದ ಮರೀನ್ ಪಡೆ 2014ರ ಜನವರಿಯಿಂದ ಹೆಣ್ಣುಮಕ್ಕಳೂ ಕನಿಷ್ಠ 3 ಪುಲ್‌ಅಪ್ ಹೊಡೀಬೇಕು ಅಂತ ನಿಯಮ ತರಲು ಹೊರಟಿತ್ತು. ಅಲ್ಲಿಯವರೆಗೆ ಅವರಿಗೆ ಇದ್ದದ್ದು ಗಲ್ಲವನ್ನ ಕಂಬಿಗಿಂತ ಮೇಲಿಟ್ಟು ನೇತಾಡುವ ಪರೀಕ್ಷೆ. 2013ರ ಕೊನೆಗೆ ನೋಡಿದರೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ 3 ಆಗಲಿಲ್ಲ. ನಿಯಮ ಮುಂದಕ್ಕೆ ಹೋಯ್ತು. "ನೋಡಿದ್ರಾ, ಆಗಲ್ಲ" ಅಂದವರಿದ್ದಾರೆ. ಸರಾಸರಿ ಲೆಕ್ಕದಲ್ಲಿ ಹೆಣ್ಣಿನ ಭುಜ, ತೋಳಲ್ಲಿ ಸ್ನಾಯು ಕಡಿಮೆ, ನಿಜ. ಆದರೆ ಉಳಿದ ಅರ್ಧದ ಹತ್ತಿರ ಹತ್ತಿರ ಮಂದಿಗೆ ಆಯ್ತಲ್ಲ? ಚಿಕ್ಕಂದಿನಿಂದ ಮರ ಹತ್ತಬೇಡ, ಜೋತು ಬೀಳಬೇಡ ಅಂತ ಇಳಿಸಿ, ಹದಿನೆಂಟಕ್ಕೆ ಪರೀಕ್ಷೆ ಇಟ್ಟು "ಪ್ರಕೃತಿ" ಅನ್ನೋದು ನನಗೆ ಸರಿ ಕಾಣಲ್ಲ.

ನಮ್ಮೂರಲ್ಲೂ ಹಾಗೇ. ಹುಣಸೆ ಮರದಲ್ಲಿ ನೇತಾಡ್ತಿದ್ದದ್ದು ನಾವು ಗಂಡುಹುಡುಗರು. ಅಕ್ಕ ಅದೇ ಹೊತ್ತಲ್ಲಿ ಬಾವಿಯಿಂದ ನೀರು ಸೇದುತ್ತಿದ್ದಳು. ರಾಟೆ ಮೇಲಿನ ಹಗ್ಗವನ್ನ ಎರಡೂ ಕೈಯಿಂದ ಕೆಳಕ್ಕೆ ಎಳೆಯೋದು, ಕೊಡದ ಮೇಲೆ ಕೊಡ. ನಾನೀಗ ಜಿಮ್ಮಿನಲ್ಲಿ ದುಡ್ಡು ಕೊಟ್ಟು ಲ್ಯಾಟ್ ಪುಲ್‌ಡೌನ್ ಅಂತ ಮಾಡೋದು ಅದನ್ನೇ. ಅವಳ ಭುಜ ಅಗಲವಾಗ್ತಿದೆ ಅಂತ ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಗೆ ನೀರು ಬರ್ತಿತ್ತಲ್ಲ! ಈಗ ಅದೇ ಅಕ್ಕ ಫೋನಿನಲ್ಲಿ, "ಅದೆಲ್ಲ ಯಾಕೋ ಅವಳಿಗೆ? ಭುಜ ಗಂಡುಹುಡುಗ್ರ ಥರ ಆದ್ರೆ ನಾಳೆ ಏನ್ ಮಾಡ್ತೀಯ?" ಅಂತಾಳೆ.

ಇನ್ನೊಂದು ಹೇಳಬೇಕು. ಅಕ್ಕ ಎಸ್ಸೆಸ್ಸೆಲ್ಸಿಗೆ ನಿಂತಳು, ನಾನು ಬಿಇ ಮಾಡಿದೆ. ಇಬ್ಬರನ್ನೂ ಓದಿಸೋ ಶಕ್ತಿ ಮನೆಗಿರಲಿಲ್ಲ. ಇಂಟರ್‌ವ್ಯೂಗಳಲ್ಲಿ "ಹಳ್ಳಿಯಿಂದ ಸ್ವಂತ ಶ್ರಮದಿಂದ ಬಂದವನು" ಅಂತ ಎಷ್ಟು ಸಲ ಹೇಳಿಕೊಂಡಿದ್ದೀನೋ. ಆ ವಿಡಿಯೋನೂ ಕ್ರಾಪ್ ಆದದ್ದೇ.

ವಿಡಿಯೋ ಡಿಲೀಟ್ ಮಾಡಿ ಮೊದಲಿಂದ ಶುರು ಮಾಡಿದೆವು. ಮೊದಲು ಸುಮ್ಮನೆ ಜೋತು ಬೀಳೋದು, ಹಿಡಿತಕ್ಕೆ. ಆಮೇಲೆ ಕೈ ಮಡಿಸದೆ ಭುಜದ ಮೂಳೆಗಳನ್ನಷ್ಟೇ ಕೆಳಕ್ಕೆ ಎಳೆಯೋದು. ಎದೆಮಟ್ಟದ ಕಂಬಿ ಹಿಡಿದು, ಹಿಮ್ಮಡಿ ನೆಲಕ್ಕಿಟ್ಟು, ಎದೆಯನ್ನ ಕಂಬಿಗೆ ಎಳೆಯೋದು. ಎಲ್ಲಕ್ಕಿಂತ ಕೆಲಸ ಮಾಡಿದ್ದು ಇಳಿಯೋದು: ಕಲ್ಲುಬೆಂಚಿನಿಂದ ಹತ್ತಿ ಗಲ್ಲ ಮೇಲಿಟ್ಟು, ಆದಷ್ಟು ನಿಧಾನಕ್ಕೆ ಕೆಳಗೆ ಬರೋದು. ಎತ್ತಲಾಗದ ಭಾರವನ್ನೂ ಸ್ನಾಯು ತಡೆದು ಇಳಿಸಬಲ್ಲದು. ಹಾಗೆ ಇಳಿಸ್ತಾ ಇಳಿಸ್ತಾ ಎತ್ತೋ ಬಲ ಬರುತ್ತೆ. ವಾರಕ್ಕೆ ಮೂರು ದಿನ, ನಡುವೆ ರೆಸ್ಟ್. ರಬ್ಬರ್ ಬ್ಯಾಂಡ್ ದಪ್ಪದ್ದರಿಂದ ತೆಳ್ಳನೆಯದಕ್ಕೆ ಬಂದಿದ್ದೀವಿ. ಬ್ಯಾಂಡ್ ಹಾಕಿದ ದಿನ ಡೈರಿಯಲ್ಲಿ "ಬ್ಯಾಂಡ್ ಜೊತೆ" ಅಂತ ಅವಳೇ ಬರೀತಾಳೆ. ನಾನು ಕೈ ಕೊಟ್ಟರೆ "ಮಾಮ" ಅಂತ. ಐದು ತಿಂಗಳಾಯ್ತು, ಏನೂ ಇಲ್ಲದೆ ಒಂದು ಇನ್ನೂ ಆಗಿಲ್ಲ. ಹಣೆ ಕಂಬಿಗೆ ಬರುತ್ತೆ, ಗಲ್ಲ ಬರಲ್ಲ.

ಹೋದ ತಿಂಗಳು ಅಕ್ಕ ಬಂದಿದ್ದಳು. ಬೆಳಿಗ್ಗೆ ನಮ್ಮ ಜೊತೆ ಪಾರ್ಕಿಗೂ ಬಂದಳು. ಮಗಳು ಬೆವರು ಸುರಿಸೋದನ್ನ ಸುಮಾರು ಹೊತ್ತು ಬೆಂಚಿನ ಮೇಲೆ ಕೂತು ನೋಡಿದಳು. ಆಮೇಲೆ ಅತ್ತಿತ್ತ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚು ಹತ್ತಿ ಕಂಬಿ ಹಿಡಿದು ಕಾಲು ಬಿಟ್ಟಳು. ಮಗಳು ಗಟ್ಟಿಯಾಗಿ ಎಣಿಸತೊಡಗಿದಳು. ಐವತ್ತರ ಹತ್ತಿರ ಬಂದಾಗ ನಾನು ಕಾಲು ಹಿಡಿಯೋಕೆ ಮುಂದೆ ಹೋದೆ. "ಬಿಡೋ, ಮುಟ್ಟಬೇಡ" ಅಂದಳು ಅಕ್ಕ.