ಆಧಾರಕ್ಕೆ ಆಧಾರ ಯಾವುದು?

ಒಂದು ವಸ್ತು ಯಾವುದರಲ್ಲಿದೆ ಎಂದು ಕೇಳಿದರೆ ಅದರ ಆಶ್ರಯದ ಹೆಸರು ಸಿಗುತ್ತದೆ. ಆ ಆಶ್ರಯ ಯಾವುದರಲ್ಲಿದೆ ಎಂದರೆ ಇನ್ನೊಂದರ ಹೆಸರು. ಈ ಸರಣಿ ಎಲ್ಲಿ ನಿಲ್ಲಬೇಕು ಎಂಬುದು ಭಾರತೀಯ ದರ್ಶನಗಳ ಹಳೆಯ ತಕರಾರು. ಸಿ ಭಾಷೆಯಲ್ಲಿ ಫೈಲಿನ ಪಾತ್‌ನಿಂದ ಡೈರೆಕ್ಟರಿಯ ಭಾಗವನ್ನು ಬಿಡಿಸುವವರಿಗೂ ಇದು ತಪ್ಪಿದ್ದಲ್ಲ. ಪಂಡಿತರು ವಾದವನ್ನು ನಾಳೆಗೆ ಮುಂದೂಡಬಹುದು, ಪ್ರೋಗ್ರಾಮು ಆಗಲೇ ಉತ್ತರ ಕೊಡಬೇಕು.

ಪಾತ್ ಎಂದರೆ ಓರೆಗೆರೆಗಳಿಂದ ಜೋಡಿಸಿದ ಹೆಸರುಗಳ ಸಾಲು. ‘/ಭಾರತ/ಕರ್ನಾಟಕ/ಬೆಂಗಳೂರು/ಸಿಂಗಾಪುರ’ ಎಂಬ ಪಾತ್‌ನಲ್ಲಿ ಕೊನೆಯ ಓರೆಗೆರೆಯನ್ನು ಹುಡುಕಿ, ಅಲ್ಲಿಗೆ ಸ್ಟ್ರಿಂಗನ್ನು ಮುಗಿಸಿದರೆ ಉಳಿಯುವುದು ‘/ಭಾರತ/ಕರ್ನಾಟಕ/ಬೆಂಗಳೂರು’. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಅವುಗಳಲ್ಲಿ ಯಾವುದೂ ಓರೆಗೆರೆಯ ಬೈಟ್ ಆಗಿರಲಾರದು. ಹಾಗಾಗಿ ಕನ್ನಡದ ಹೆಸರುಗಳೂ ನಡುವೆ ತುಂಡಾಗುವುದಿಲ್ಲ. ಪೋಸಿಕ್ಸ್‌ನ ಡಿರ್‌ನೇಮ್ ಫಂಕ್ಷನ್ ಇದೇ ಕೆಲಸವನ್ನು ಕೊನೆಯ ಹೆಚ್ಚುವರಿ ಓರೆಗೆರೆಗಳನ್ನೂ ಗಮನಿಸಿ ಮಾಡುತ್ತದೆ. ಕೊಟ್ಟ ಸ್ಟ್ರಿಂಗನ್ನೇ ಅದು ಕತ್ತರಿಸಬಹುದಾದ್ದರಿಂದ ನಕಲು ಕೊಡುವುದು ವಾಡಿಕೆ. ಅದು ನೋಡುವುದು ಅಕ್ಷರಗಳನ್ನು ಮಾತ್ರ. ಅಂಥ ಫೈಲು ನಿಜವಾಗಿ ಇದೆಯೋ ಇಲ್ಲವೋ ವಿಚಾರಿಸುವುದಿಲ್ಲ. ಪ್ರಮಾಣಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಶಬ್ದವಿದೆ, ಕಣ್ಣಾರೆ ಕಾಣುವ ಪ್ರತ್ಯಕ್ಷವಿಲ್ಲ.

ಬೆಂಗಳೂರಿನ ವಿದ್ಯಾರಣ್ಯಪುರದ ಮಗ್ಗುಲಿನ ಸಿಂಗಾಪುರಕ್ಕೂ ಸಮುದ್ರದಾಚೆಯ ದ್ವೀಪರಾಷ್ಟ್ರಕ್ಕೂ ಹೆಸರು ಒಂದೇ. ಪಾತ್‌ನಲ್ಲಿ ಅವೆರಡನ್ನು ಬೇರೆಯಾಗಿಸುವುದು ಹಿಂದಿನ ಭಾಗ. ಹಾಗಾದರೆ ಭೇದ ಇರುವುದು ವಸ್ತುವಿನಲ್ಲೋ, ಅದು ಇರುವ ಜಾಗದಲ್ಲೋ? 13ನೇ ಶತಮಾನದ ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಭೇದವು ವಸ್ತುವಿನ ಸ್ವರೂಪವೇ, ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ. ಯುನಿಕ್ಸ್ ಕೂಡ ಅವರ ಕಡೆಗೇ ವಾಲುತ್ತದೆ: ಒಂದು ಫೈಲ್‌ಸಿಸ್ಟಮ್‌ನೊಳಗೆ ಫೈಲಿನ ಗುರುತು ಅದರ ಐನೋಡ್ ಸಂಖ್ಯೆ. ಹಾರ್ಡ್‌ಲಿಂಕ್, ಅಂದರೆ ಅದೇ ಐನೋಡ್‌ಗೆ ಇನ್ನೊಂದು ಹೆಸರು, ಇದ್ದರೆ ಒಂದೇ ಫೈಲಿಗೆ ಎರಡು ಪಾತ್, ಎರಡು ಡೈರೆಕ್ಟರಿಯೂ ಇರಬಹುದು. ಫೈಲು ಮಾತ್ರ ಎರಡಾಗುವುದಿಲ್ಲ.

ಸರಣಿಯ ಎರಡು ತುದಿಗಳಲ್ಲಿ ವಿಷಯ ಬಿಗಿಯಾಗುತ್ತದೆ. ಓರೆಗೆರೆಯೇ ಇಲ್ಲದ ಬರೀ ‘ಸಿಂಗಾಪುರ’ವನ್ನು ಕೊಟ್ಟರೆ ಡಿರ್‌ನೇಮ್‌ನ ಉತ್ತರ ಒಂದು ಚುಕ್ಕಿ, ಅಂದರೆ ಪ್ರೋಗ್ರಾಮು ಈಗ ನಿಂತಿರುವ ಡೈರೆಕ್ಟರಿ. ಹೇಳುವವನು ಜಾಗ ಬದಲಿಸಿದರೆ ಉತ್ತರದ ಅರ್ಥವೂ ಬದಲಾಗುತ್ತದೆ. ಬರೀ ‘/’ ಕೊಟ್ಟರೆ ಬರುವುದು ‘/’ ಮಾತ್ರ. ಮೂಲ ಡೈರೆಕ್ಟರಿಯಲ್ಲಿ ‘ಮೇಲಿನದು’ ಎಂದು ಸೂಚಿಸುವ ಎರಡು ಚುಕ್ಕಿಯೂ ಅದನ್ನೇ ತೋರಿಸುತ್ತದೆ. ದರ್ಶನಗಳಲ್ಲಿ ಸರಣಿ ಇಷ್ಟು ಸುಲಭವಾಗಿ ನಿಲ್ಲುವುದಿಲ್ಲ. ವೈಶೇಷಿಕರು ಅವಯವ–ಅವಯವಿಗಳನ್ನು, ಅಂದರೆ ಭಾಗವನ್ನೂ ಇಡಿಯನ್ನೂ, ಸಮವಾಯ ಎಂಬ ಸಂಬಂಧದಿಂದ ಕಟ್ಟಿದಾಗ, ಆ ಸಮವಾಯವನ್ನು ಕಟ್ಟಲು ಇನ್ನೊಂದು ಸಂಬಂಧ ಬೇಕಾಗಿ ಅನವಸ್ಥೆ, ಅಂದರೆ ಕೊನೆಯಿಲ್ಲದ ಸರಣಿ, ಬರುತ್ತದೆಂದು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಆಕ್ಷೇಪಿಸಿದ್ದಾರೆ. ಮಧ್ವರ ಅನುಯಾಯಿಗಳಾದ ದ್ವೈತಿಗಳು ಅನವಸ್ಥೆಯನ್ನು ತಡೆಯುವುದು ‘ವಿಶೇಷ’ದಿಂದ: ಅದು ಸ್ವನಿರ್ವಾಹಕ, ತನ್ನನ್ನು ತಾನೇ ನಿಭಾಯಿಸಿಕೊಳ್ಳುತ್ತದೆ. ‘ತತ್ತ್ವಸಂಖ್ಯಾನ’ದಲ್ಲಿ ಮಧ್ವರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಮೊದಲೇ ವಿಂಗಡಿಸಿ, ಸ್ವತಂತ್ರನು ವಿಷ್ಣು ಒಬ್ಬನೇ ಎನ್ನುತ್ತಾರೆ. ‘/’ ಆ ಸ್ಥಾನದಲ್ಲಿ ಕೂತಂತೆ ಕಾಣುತ್ತದೆ.

ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಸಿಎಚ್‌ರೂಟ್ ಎಂಬ ಕರೆಯಿಂದ ಯಾವ ಡೈರೆಕ್ಟರಿಯನ್ನಾದರೂ ಒಂದು ಪ್ರೋಗ್ರಾಮಿಗೆ ಮೂಲವಾಗಿಸಬಹುದು. ಒಳಗಿನ ಪ್ರೋಗ್ರಾಮಿಗೆ ಅದೇ ಪರಮಮೂಲ. ಹೊರಗಿನವರ ಕಣ್ಣಿಗೆ ಅದು ಇನ್ನೊಂದರೊಳಗಿನ ಸಾಮಾನ್ಯ ಡೈರೆಕ್ಟರಿ. ಶಂಕರರ ಪಂಥದ ಅದ್ವೈತಿಗೆ ಇಷ್ಟು ಸಾಕು: ಇಂಥ ಮೂಲ ವ್ಯಾವಹಾರಿಕ ಮಾತ್ರ, ಪಾರಮಾರ್ಥಿಕವಲ್ಲ ಎಂದು ಅವನು ವಾದಿಸುತ್ತಾನೆ. ದ್ವೈತಿಯ ಉತ್ತರವೂ ಸಿದ್ಧವಿದೆ: ಬದಲಿಸಬಹುದಾದದ್ದು ಸ್ವತಂತ್ರವೇ ಅಲ್ಲ, ಬದಲಿಸುವ ಅಧಿಕಾರ ಯಾರದೋ ಸ್ವಾತಂತ್ರ್ಯವೂ ಅವನದೇ. ಈ ಜಗಳದಲ್ಲಿ ಡಿರ್‌ನೇಮ್ ಸಾಕ್ಷಿ ನುಡಿಯಲಾರದು; ಒಳಗೂ ಹೊರಗೂ ಅದು ಕೊಡುವುದು ಒಂದೇ ‘/’.